ಕಾಲು ಗಂಟೆ ಮುಂದಿದ್ದ ಮೇಷ್ಟ್ರು

ಟೈಪ್ ಮೇಷ್ಟ್ರ ಮನೆಗೆ ಹೊಸದಾಗಿ ಹೋದವರು ಗೋಡೆಯ ಗಡಿಯಾರ ನೋಡಿ ಹೌಹಾರಿ ಎದ್ದುಬಿಡುತ್ತಿದ್ದರು. ಇಷ್ಟು ಹೊತ್ತಾಯಿತೇ, ಬಸ್ಸು ತಪ್ಪಿತಲ್ಲ ಎಂದು ಚಪ್ಪಲಿ ಹುಡುಕತೊಡಗಿದರೆ ಮೇಷ್ಟ್ರ ಹೆಂಡತಿ ಅಡುಗೆಮನೆಯಿಂದಲೇ, "ಕೂತ್ಕೊಳ್ಳಿ ಕೂತ್ಕೊಳ್ಳಿ, ಅದು ನಮ್ಮನೆಯವರ ಟೈಮು" ಎಂದು ಸಮಾಧಾನ ಹೇಳುತ್ತಿದ್ದರು. ಗೋಡೆಯ ಗಡಿಯಾರ, ಮೇಷ್ಟ್ರ ಕೈಗಡಿಯಾರ, ಅವರ ಮೊಬೈಲು, ಲ್ಯಾಪ್‌ಟಾಪು ಎಲ್ಲವೂ ಊರಿನವರಿಗಿಂತ ಕಾಲು ಗಂಟೆ ಮುಂದೆ. ಈಗಿನ ಕಂಪ್ಯೂಟರುಗಳು ತಮ್ಮಷ್ಟಕ್ಕೆ ತಾವೇ ಸಮಯ ಸರಿಮಾಡಿಕೊಳ್ಳುತ್ತವಲ್ಲ ಎಂದು ಯಾರಾದರೂ ಕೇಳಿದರೆ, ಆ ಏರ್ಪಾಡನ್ನು ಹುಡುಕಿ ಆಫ್ ಮಾಡಿಟ್ಟಿದ್ದೇನೆ ಎಂದು ಮೇಷ್ಟ್ರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ತಮಾಷೆಯೆಂದರೆ ಇದರಿಂದ ಆ ಮನೆಯಲ್ಲಿ ಯಾರೂ ಬೇಗ ಹೊರಟದ್ದಿಲ್ಲ. ಹೆಂಡತಿ, ಮಗ, ಕೊನೆಗೆ ಶಾಲೆಗೆ ಹೋಗುವ ಮೊಮ್ಮಗಳು ಕೂಡ ಗಡಿಯಾರ ನೋಡಿದ ಕೂಡಲೇ ಮನಸ್ಸಿನಲ್ಲೇ ಕಾಲು ಗಂಟೆ ಕಳೆದು ಆರಾಮವಾಗಿ ತಲೆ ಬಾಚಿಕೊಳ್ಳುತ್ತಿದ್ದರು. ಆ ಗಡಿಯಾರವನ್ನು ನಿಜವಾಗಿ ನಂಬಿದವರು ಮೇಷ್ಟ್ರೊಬ್ಬರೇ. ಅದನ್ನು ನಂಬಿಕೊಂಡು ಎಲ್ಲ ಕಡೆಗೂ ಮುಂಚಿತವಾಗಿ ಹೋಗಿ, ಮುಚ್ಚಿದ ಬಾಗಿಲುಗಳ ಮುಂದೆ ತೃಪ್ತಿಯಿಂದ ನಿಂತಿರುತ್ತಿದ್ದರು.

ಇದಕ್ಕೊಂದು ಹಿನ್ನೆಲೆಯಿತ್ತು. ಹರೆಯದಲ್ಲಿ ಮೇಷ್ಟ್ರು ಟೈಪಿಂಗ್ ಶಾಲೆ ನಡೆಸುತ್ತಿದ್ದರು. ಉದ್ದನೆಯ ಕೋಣೆ, ಎರಡು ಸಾಲು ಟೈಪ್‌ರೈಟರು, ಬೆಳಗಿನಿಂದ ಸಂಜೆಯವರೆಗೆ ಕಿವಿ ತುಂಬ ಟಕಟಕ. ಒಂದು ವರ್ಷ ಅವರ ಶಾಲೆಯ ಅತಿ ಚುರುಕಿನ ಹುಡುಗಿ ಪರೀಕ್ಷೆಗೆ ತುಸು ತಡವಾಗಿ ಬಂದಳು. ಬಾಗಿಲು ಹಾಕಿಯಾಗಿತ್ತು. ಮೇಷ್ಟ್ರು ಮೇಲ್ವಿಚಾರಕರ ಕಾಲು ಹಿಡಿಯುವುದೊಂದು ಬಾಕಿ, ಆದರೂ ಆ ಮಹಾರಾಯ ಜಗ್ಗಲಿಲ್ಲ. ಹುಡುಗಿ ಅಳುತ್ತಾ ಮೆಟ್ಟಿಲಿಳಿದು ಹೋದಳು. ಅವತ್ತು ಸಂಜೆ ಮೇಷ್ಟ್ರು ಸ್ಟೂಲು ಹತ್ತಿ ಶಾಲೆಯ ಗಡಿಯಾರದ ಮುಳ್ಳನ್ನು ಮುಂದಕ್ಕೆ ತಿರುಗಿಸಿದರು. ಆಮೇಲೆ ಟೈಪ್‌ರೈಟರುಗಳ ಕಾಲ ಮುಗಿಯಿತು, ಶಾಲೆ ಮುಚ್ಚಿತು, ಮುಳ್ಳು ಮಾತ್ರ ಹಿಂದಕ್ಕೆ ಬರಲಿಲ್ಲ.

ಶಾಲೆ ಮುಚ್ಚಿದಾಗ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂರುವ ಪೈಕಿಯಲ್ಲ. ತಮ್ಮ ಮಗನ ವಯಸ್ಸಿನವರ ಪಕ್ಕ ಬೆಂಚಿನ ಮೇಲೆ ಕೂತು ವೆಬ್ ಪುಟಗಳನ್ನು ಕಟ್ಟುವುದನ್ನು ಕಲಿತರು. ಬೆರಳುಗಳಿಗೆ ಕೀಲಿಗಳು ಹೇಗೂ ಗೊತ್ತಿದ್ದವು, ತಲೆ ಹಿಂದೆ ಹಿಂದೆ ಓಡಿಬಂದು ಸೇರಿಕೊಂಡಿತು. ಈಗ ಅವರು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಒಂದು ಸಣ್ಣ ಕಂಪನಿಯಲ್ಲಿ ಹಿರಿಯ ಕೆಲಸಗಾರರು. ಕಂಪನಿಯ ಒಡತಿಯನ್ನು ಎಲ್ಲರೂ ಮೇಡಂ ಎನ್ನುತ್ತಾರೆ. ಅಂಗಡಿಗಳಿಗೆ, ಡಾಕ್ಟರುಗಳಿಗೆ, ಶಾಲೆಗಳಿಗೆ ವೆಬ್‌ಸೈಟು ಮಾಡಿಕೊಡುವುದು ಅವರ ವ್ಯವಹಾರ. ಇನ್ನೊಬ್ಬ ಗಡ್ಡದವನಿದ್ದಾನೆ. ಅವನದು ಬೇರೆಯೇ ಕೆಲಸ, ಬೇರೆಯೇ ಕಂಪ್ಯೂಟರು, ಬಾಯಿ ಮಾತ್ರ ಎಲ್ಲರ ಕೆಲಸದಲ್ಲೂ ಇರುತ್ತದೆ. ಆಫೀಸಿನ ಗೋಡೆ ಗಡಿಯಾರವನ್ನೂ ಮುಂದಕ್ಕೆ ತಿರುಗಿಸಲು ಮೇಷ್ಟ್ರು ಒಮ್ಮೆ ಸ್ಟೂಲು ಎಳೆದಿದ್ದರು. ಮೇಡಂ ಸ್ಟೂಲನ್ನೇ ಕಸಿದುಕೊಂಡಿದ್ದರು.

ಈ ಆಫೀಸಿಗೆ ಮೇಷ್ಟ್ರು ತಮ್ಮ ಸೊಸೆಯನ್ನು ಸೇರಿಸಿದರು.

ಸೊಸೆ ಮದುವೆಗೆ ಮುಂಚೆ ಇದೇ ಬಗೆಯ ಕೆಲಸದಲ್ಲಿದ್ದವಳು. ಮಗುವಾದ ಮೇಲೆ ಬಿಟ್ಟಿದ್ದಳು. ಮಗು ಶಾಲೆಗೆ ಹೋಗತೊಡಗಿದಾಗ ಅವಳು ಒಂದೆರಡು ಕಡೆ ಕೆಲಸ ಕೇಳಿ ಬಂದಳು. ಇಷ್ಟು ವರ್ಷ ಮನೆಯಲ್ಲಿ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ ಎಲ್ಲ ಕಡೆಯೂ ಎದುರಾಯಿತು. ಹಾಗೆ ಕೇಳಿಸಿಕೊಂಡು ಬಂದ ದಿನ ಅವಳು ಯಾರೊಂದಿಗೂ ಮಾತಾಡದೆ ಪಾತ್ರೆಗಳನ್ನು ಸದ್ದು ಮಾಡುತ್ತಾ ತೊಳೆಯುತ್ತಿದ್ದಳು. ಮೇಷ್ಟ್ರಿಗೆ ಅದನ್ನು ಕೇಳುತ್ತಾ ಕೂರಲಾಗಲಿಲ್ಲ. ಮೇಡಂ ಹತ್ತಿರ ಹೋಗಿ ಒಂದು ತಿಂಗಳು ನೋಡಿ, ಹಿಡಿಸದಿದ್ದರೆ ಬಿಡಿ ಎಂದರು. ಮೇಡಂ ಆಗಲಿ ಎಂದರು. ಸೊಸೆ ಮಾವನ ಪಕ್ಕದ ಮೇಜಿನಲ್ಲಿ ಕೂತಳು, ಆಫೀಸಿನಲ್ಲಿ ಅವರನ್ನು 'ಸರ್' ಎಂದು ಕರೆಯತೊಡಗಿದಳು. ಮೇಷ್ಟ್ರಿಗೆ ಮೊದಲ ದಿನ ಅದನ್ನು ಕೇಳಿ ನಗು ಬಂದಿತ್ತು.

ಇಬ್ಬರಿಗೂ ಒಂದೇ ಕೆಲಸ ಸಿಕ್ಕಿತು, ಒಬ್ಬ ಹಲ್ಲಿನ ಡಾಕ್ಟರ ವೆಬ್‌ಸೈಟು. ಕೆಲಸದ ಕ್ರಮ ಹೀಗಿತ್ತು: ತಮ್ಮ ತಮ್ಮ ಲ್ಯಾಪ್‌ಟಾಪಿನಲ್ಲಿ ತಿದ್ದಿ ಸೇವ್ ಮಾಡಿದರೆ ಆ ಫೈಲು ತಾನಾಗಿಯೇ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿಗೆ ಹೋಗಿ ಕೂರುತ್ತದೆ. ಅಲ್ಲಿ ಕಾವಲುಗಾರ ಎಂದು ಎಲ್ಲರೂ ಕರೆಯುವ ಒಂದು ಪ್ರೋಗ್ರಾಂ ಹಗಲೆಲ್ಲ ಓಡುತ್ತಿರುತ್ತದೆ. ಯಾವುದಾದರೂ ಫೈಲು ಬದಲಾಯಿತೆಂದು ಕಂಡರೆ ಪುಟವನ್ನು ಹೊಸದಾಗಿ ಕಟ್ಟಿ, ಆ ಪುಟ ತೆರೆದಿಟ್ಟುಕೊಂಡ ಎಲ್ಲರ ಪರದೆಯ ಮೇಲೂ ತಕ್ಷಣ ತೋರಿಸುತ್ತದೆ. ಹಿಂದೆ ಕೆಲಸ ಬಿಟ್ಟು ಹೋದವನೊಬ್ಬ ಬರೆದಿಟ್ಟ ಪ್ರೋಗ್ರಾಂ ಅದು. ಅದು ಕೆಲಸ ಮಾಡುತ್ತಿದೆ ಎನ್ನುವುದಷ್ಟೇ ಎಲ್ಲರಿಗೂ ಗೊತ್ತಿತ್ತು, ಹೇಗೆ ಎಂದು ಯಾರೂ ಒಳಗೆ ಇಣುಕಿರಲಿಲ್ಲ.

ಸೊಸೆ ಮೊದಲ ಬದಲಾವಣೆ ಮಾಡಿದಳು. ಬಟನ್ನಿನ ಬಣ್ಣ ನೀಲಿಯಿಂದ ಹಸಿರಾಗಬೇಕಿತ್ತು. ಸೇವ್ ಮಾಡಿದಳು. ನೀಲಿಯೇ ಇತ್ತು. ಮತ್ತೆ ಮಾಡಿದಳು. ಮೇಷ್ಟ್ರು ಪಕ್ಕದಿಂದ ಬಗ್ಗಿ ನೋಡಿ, ಬ್ರೌಸರ್ ಹಳೆಯ ಪುಟವನ್ನೇ ನೆನಪಿಟ್ಟುಕೊಂಡಿರಬೇಕು, ಕ್ಯಾಶೆ ಖಾಲಿ ಮಾಡು ಎಂದರು. ಮಾಡಿದಳು. ಬೇರೆ ಬ್ರೌಸರಿನಲ್ಲಿ ತೆರೆದಳು. ಫೈಲು ಮೂಲೆ ಕಂಪ್ಯೂಟರಿಗೆ ಹೋಗಿದೆಯೇ ಎಂದು ನೋಡಿದಳು, ಹೋಗಿತ್ತು, ಒಳಗೆ ಹಸಿರು ಎಂದೇ ಬರೆದಿತ್ತು. ಪುಟ ಮಾತ್ರ ಜಪ್ಪಯ್ಯ ಎಂದರೂ ಬದಲಾಗಲಿಲ್ಲ. ಅದೇ ಹೊತ್ತಿಗೆ ಮೇಷ್ಟ್ರು ತಮ್ಮ ಫೈಲಿನಲ್ಲಿ ಒಂದು ಸಾಲು ತಿದ್ದಿ ಸೇವ್ ಮಾಡಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಪುಟದಲ್ಲಿ ಹಾಜರ್.

ಹೀಗೇ ನಡೆಯಿತು. ಒಮ್ಮೊಮ್ಮೆ ಊಟ ಮುಗಿಸಿ ಬಂದಾಗ ಅವಳ ಕೆಲಸ ಸರಾಗವಾಗಿ ಕಾಣಿಸಿಕೊಳ್ಳುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಕೈ ಕೊಡುತ್ತಿತ್ತು. ಒಂದು ದಿನ ಗಡ್ಡದವನು ದೊಡ್ಡ ಮನುಷ್ಯನಂತೆ ಬಂದು, ಏಳಿ ನಾನು ನೋಡ್ತೀನಿ ಎಂದು ಅವಳ ಕುರ್ಚಿಯಲ್ಲಿ ಕೂತ. ಮೇಷ್ಟ್ರು ತಮ್ಮ ಕೆಲಸ ಬಿಟ್ಟು ಅವನ ಬೆನ್ನ ಹಿಂದೆ ನಿಂತರು. ಗಡ್ಡದವನು ಅದೂ ಇದೂ ಮಾತಾಡುತ್ತಾ, ಚಹಾ ಕುಡಿಯುತ್ತಾ, ಅಲ್ಲಿ ಇಲ್ಲಿ ತೆರೆದು ನೋಡುತ್ತಾ ಸಾಕಷ್ಟು ಹೊತ್ತು ಕಳೆದು ಕೊನೆಗೆ ಸೇವ್ ಒತ್ತಿದ. ಬಟನ್ನು ಹಸಿರಾಯಿತು. ತಾನು ಮಾಡಿದರೆ ಬರುತ್ತದಲ್ಲ ಎಂದು ಅವನು ಕೈ ಕೊಡವಿಕೊಂಡು ಎದ್ದ. ಸೊಸೆ ಆ ಕುರ್ಚಿಯಲ್ಲಿ ಮತ್ತೆ ಕೂರುವಾಗ ಅವಳ ಮುಖ ನೋಡಲು ಮೇಷ್ಟ್ರಿಗೆ ಧೈರ್ಯ ಬರಲಿಲ್ಲ.

ಕಾವಲುಗಾರನನ್ನು ನಿಲ್ಲಿಸಿ ಮತ್ತೆ ಓಡಿಸಿದರೆ ಎಲ್ಲವೂ ಹೊಸದಾಗಿ ಕಟ್ಟಿಕೊಳ್ಳುತ್ತದೆ ಎಂದು ಅವಳು ಬೇಗ ಕಂಡುಕೊಂಡಳು. ಹಾಗೆ ಮಾಡಿ ಮಾಡಿ ದಿನ ದೂಡುತ್ತಿದ್ದಳು. ಒಮ್ಮೆ ಅವಳು ನಿಲ್ಲಿಸಿದ ಗಳಿಗೆಯಲ್ಲೇ ಒಳಕೋಣೆಯಲ್ಲಿ ಮೇಡಂ ಹಲ್ಲಿನ ಡಾಕ್ಟರಿಗೆ ಪುಟ ತೋರಿಸುತ್ತಿದ್ದರು. ಪರದೆ ಬೆಳ್ಳಗಾಯಿತು. ಡಾಕ್ಟರು ಏನೂ ಅನ್ನಲಿಲ್ಲ, ಆದರೆ ಅವರು ಹೋದ ಮೇಲೆ ಮೇಡಂ ಅಂದರು. ಇನ್ನು ಮುಂದೆ ಯಾರೂ ಕೇಳದೆ ಅದನ್ನು ಮುಟ್ಟಕೂಡದು ಎಂದರು, ತಿಂಗಳು ಮುಗಿಯುತ್ತಾ ಬಂತು ಎನ್ನುವುದನ್ನೂ ಸೇರಿಸಿದರು.

ನಡುವೆ ಒಂದು ದಿನ ಮೇಷ್ಟ್ರು ಕನ್ನಡಕ ಬದಲಿಸಲು ರಜೆ ಹಾಕಿದರು. ಅವತ್ತು ಸೊಸೆ ಸಂಜೆ ಮನೆಗೆ ಬಂದದ್ದೇ ಹಾರಿಕೊಂಡು. ಎಲ್ಲ ಬಂತು, ಒಂದೂ ತಪ್ಪದೆ ಬಂತು ಎಂದು ಅತ್ತೆಯ ಕೈ ಹಿಡಿದು ಕುಣಿಸಿದಳು. ಮೊಮ್ಮಗಳು ಏನು ಬಂತು ಎಂದು ತಿಳಿಯದೆಯೇ ಚಪ್ಪಾಳೆ ತಟ್ಟಿದಳು. ಮೇಷ್ಟ್ರಿಗೂ ಹಿಗ್ಗಾಯಿತು. ಮರುದಿನ ಅವರು ಹೊಸ ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಬಂದು ಕೂತರು, ಅವಳ ಪುಟ ಮತ್ತೆ ಕಲ್ಲಾಯಿತು. ಮೇಷ್ಟ್ರ ಕಣ್ಣು ಬಿದ್ದರೆ ಕೋಡು ಕೂಡ ನಾಚಿಕೊಳ್ಳುತ್ತದೆ ಎಂದು ಗಡ್ಡದವನು ನಗಾಡಿದ. ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು. ಆದರೆ ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು.

ತಾನು ಪಕ್ಕದಲ್ಲಿದ್ದರೆ ಅವಳಿಗೆ ಕೈಕಾಲು ಆಡುವುದಿಲ್ಲ, ಗಾಬರಿಯಲ್ಲಿ ಏನೋ ಎಡವಟ್ಟು ಮಾಡುತ್ತಾಳೆ ಎಂದು ಮೇಷ್ಟ್ರು ತೀರ್ಮಾನಕ್ಕೆ ಬಂದರು. ಇಷ್ಟು ಮಂದಿಗೆ ಪಾಠ ಹೇಳಿದವರು, ಭಯಕ್ಕೆ ಬೆರಳು ತಪ್ಪುವುದನ್ನು ಕಂಡವರು. ತಪ್ಪು ಅವಳ ಬೆರಳಿನಲ್ಲಿದೆ ಎಂಬ ಬಗ್ಗೆ ಅವರಿಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಅನುಭವಸ್ಥರಿಗೆ ಇದೊಂದು ಕಾಯಿಲೆ, ಕಂಡದ್ದನ್ನೇ ಮತ್ತೆ ಕಾಣುತ್ತಾರೆ.

ಮೇಡಂ ತೀರ್ಮಾನ ಹೇಳಬೇಕಿದ್ದ ದಿನ ಬೆಳಿಗ್ಗೆ ಮಾವ ಸೊಸೆ ಎಂದಿನಂತೆ ಬೇಗ ಬಂದು ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದರು. ಕೆಳಗೆ ಸೈಕಲ್ ಅಂಗಡಿಯವನು ಷಟರ್ ಎತ್ತುತ್ತಿದ್ದ. ಮೇಷ್ಟ್ರು ಬಹಳ ಹೊತ್ತು ಮಾತು ಕೂಡಿಸಿಕೊಂಡು ಹೇಳಿದರು.

"ನೋಡಮ್ಮ, ಆಗದೇ ಹೋದ್ರೆ ಬೇಜಾರು ಮಾಡ್ಕೋಬೇಡ. ಮನೇಲೇ ಇನ್ನೊಂದಿಷ್ಟು ದಿನ ಕಲಿತ್ಕೊ. ಅವಸರ ಏನಿದೆ?"

ಸೊಸೆ ಮೆಟ್ಟಿಲ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತಾ ಕೂತಳು. ಇಡೀ ಊರು ಅವಳನ್ನು ಕೈಬಿಟ್ಟಾಗ ಕರೆದುಕೊಂಡು ಬಂದ ಮನುಷ್ಯನೇ ಈಗ ಹಾಗೆ ಅಂದದ್ದರಿಂದ ಅವಳಿಗೆ ಎಷ್ಟು ನೋವಾಗಿರಬೇಕು ಎನ್ನುವುದು ಮೇಷ್ಟ್ರಿಗೆ ಆಡಿದ ಮೇಲೆ ಹೊಳೆಯಿತು. ಆಡಿದ ಮಾತನ್ನು ಸೇವ್ ಮಾಡದೆ ಬಿಡುವ ಉಪಾಯವಿಲ್ಲ. ಮೇಡಂ ಬೀಗದ ಕೈ ಹಿಡಿದು ಬಂದರು, ಎಲ್ಲರೂ ಒಳಗೆ ಹೋದರು.

ಕೂತವಳು ಅವತ್ತು ಸೇವ್ ಒತ್ತುವುದನ್ನೇ ಬಿಟ್ಟಳು. ಮೂಲೆ ಕಂಪ್ಯೂಟರಿನಲ್ಲಿರುವ ಫೈಲುಗಳ ಪಟ್ಟಿಯನ್ನು ತೆರೆದು, ಯಾವ ಫೈಲು ಯಾವಾಗ ಬದಲಾಯಿತು ಎಂದು ಒಂದೊಂದೇ ನೋಡತೊಡಗಿದಳು. ಹೇಗೂ ಹೋಗುವವಳು, ಇದು ಯಾಕೆ ಹೀಗಾಡುತ್ತದೆ ಎಂದಾದರೂ ತಿಳಿದುಕೊಂಡು ಹೋಗುತ್ತೇನೆ ಎಂಬ ಹಟ. ಆಮೇಲೆ ಕಾವಲುಗಾರನ ಕೋಡನ್ನೇ ತೆರೆದಳು. ಮೇಷ್ಟ್ರು ವಾರೆಗಣ್ಣಿನಿಂದ ನೋಡುತ್ತಿದ್ದರು. ಸುಮಾರು ಹೊತ್ತಾದ ಮೇಲೆ ಅವಳು ಕುರ್ಚಿ ತಿರುಗಿಸಿದಳು.

"ಮಾವ, ಈಗ ಗಂಟೆ ಎಷ್ಟು?"

ಸರ್ ಹೋಗಿ ಮಾವ ಆದದ್ದನ್ನು ಮೇಷ್ಟ್ರು ಗಮನಿಸಿದರು. ಕೈಗಡಿಯಾರ ನೋಡಿ ಹೇಳಿದರು.

"ಅದಲ್ಲ. ಗೋಡೆ ನೋಡಿ ಹೇಳಿ."

ಮೇಷ್ಟ್ರು ಗೋಡೆ ನೋಡಿದರು. ಅವಳು ತನ್ನ ಪರದೆಯನ್ನು ಅವರತ್ತ ವಾಲಿಸಿ, ಅವರು ಆಗಷ್ಟೇ ಸೇವ್ ಮಾಡಿದ ಫೈಲಿನ ಮೇಲೆ ಬೆರಳಿಟ್ಟಳು. ಅದರ ಮುಂದೆ ಬರೆದಿದ್ದ ಹೊತ್ತು ಊರಿನಲ್ಲಿ ಇನ್ನೂ ಬಂದೇ ಇರಲಿಲ್ಲ.

ಅವಳು ಮೆಲ್ಲಗೆ, ಗಡ್ಡದವನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ವಿವರಿಸಿದಳು. ಫೈಲುಗಳು ಲ್ಯಾಪ್‌ಟಾಪಿನಿಂದ ಹೋಗುವಾಗ ಸೇವ್ ಆದ ಹೊತ್ತನ್ನೂ ಜೊತೆಗೆ ಒಯ್ಯುತ್ತವೆ. ಕಾವಲುಗಾರ ತಾನು ಕಂಡ ಎಲ್ಲಕ್ಕಿಂತ ಈಚಿನ ಹೊತ್ತನ್ನು ನೆನಪಿಟ್ಟುಕೊಂಡಿರುತ್ತಾನೆ, ಅದಕ್ಕಿಂತ ಮುಂಚಿನದೆಲ್ಲ ಅವನ ಲೆಕ್ಕದಲ್ಲಿ ಹಳತು. ಮಾವ ಸೇವ್ ಮಾಡಿದರೆ ಅವನ ನೆನಪಿನಲ್ಲಿ ಕಾಲು ಗಂಟೆ ಮುಂದಿನ ಹೊತ್ತು ಕೂರುತ್ತದೆ. ಅಲ್ಲಿಂದ ಕಾಲು ಗಂಟೆ ಸೊಸೆ ಏನು ಮಾಡಿದರೂ ಹಳತೆಂದು ಅವನು ಕಣ್ಣೆತ್ತಿ ನೋಡುವುದಿಲ್ಲ. ಮಾವ ಊಟಕ್ಕೆ ಎದ್ದು ಹೋದರೆ, ಗಡ್ಡದವನ ಬೆನ್ನ ಹಿಂದೆ ನಿಂತರೆ, ಕನ್ನಡಕಕ್ಕೆಂದು ರಜೆ ಹಾಕಿದರೆ ಎಲ್ಲ ಸರಿ. ಇಷ್ಟು ದಿನ ಆ ಫೈಲುಗಳನ್ನು ಮುಟ್ಟುತ್ತಿದ್ದವರು ಮೇಷ್ಟ್ರೊಬ್ಬರೇ ಆಗಿದ್ದರಿಂದ ಗುಟ್ಟು ರಟ್ಟಾಗಿರಲಿಲ್ಲ. ಆ ಮನೆಯಲ್ಲಿ ಬಾಳದ ಯಾರಿಗೂ ಆ ಎರಡು ಹೊತ್ತುಗಳ ಅಂತರ ನೋಡಿದ ಕೂಡಲೇ ಹೊಳೆಯುವ ಹಾಗಿರಲಿಲ್ಲ. ಅವಳು ಏಳು ವರ್ಷದಿಂದ ಕಾಲು ಗಂಟೆ ಕಳೆಯುತ್ತಾ ಬಂದವಳು.

ಮೇಷ್ಟ್ರ ಕಿವಿ ಬಿಸಿಯಾಯಿತು. ಬೆಳಿಗ್ಗೆ ಮೆಟ್ಟಿಲ ಮೇಲೆ ಆಡಿದ ಮಾತು ನೆನಪಾಯಿತು.

"ಹಾಗಂದ್ರೆ ಇಷ್ಟು ದಿನ ನಿನ್ನ ಕೆಲಸಕ್ಕೆ ಅಡ್ಡ ಕೂತಿದ್ದೋನು ನಾನೇನಾ?"

"ನೀವಲ್ಲ, ನಿಮ್ಮ ಗಡಿಯಾರ," ಎಂದಳು. ಕುರ್ಚಿ ಹತ್ತಿರ ಎಳೆದುಕೊಂಡು, "ಮೇಡಂಗೆ ಹೇಳ್ಬೇಕು ಅಂತೇನಿಲ್ಲ. ನೀವು ಟೈಮ್ ಸರಿಮಾಡಿದ್ರೆ ಸಾಕು, ಯಾರಿಗೂ ಗೊತ್ತಾಗಲ್ಲ" ಎಂದಳು.

ಯಾರಿಗೂ ಗೊತ್ತಾಗುವುದಿಲ್ಲ ಎನ್ನುವುದು ನಿಜ. ಅವಳನ್ನು ಕೈಲಾಗದವಳು ಎಂದುಕೊಂಡವರು ಹಾಗೆಯೇ ಅಂದುಕೊಂಡಿರುತ್ತಾರೆ ಎನ್ನುವುದೂ ನಿಜ. ಮೇಷ್ಟ್ರು ತಮ್ಮ ಲ್ಯಾಪ್‌ಟಾಪಿನಲ್ಲಿ ಸಮಯದ ಏರ್ಪಾಡನ್ನು ಹುಡುಕಿ ಮತ್ತೆ ಆನ್ ಮಾಡಿದರು. ಅಂಕಿಗಳು ಹಿಂದಕ್ಕೆ ಜಿಗಿದವು. ಈಗ ಪರೀಕ್ಷೆ ಮಾಡಿ ನೋಡಬೇಕೆಂದರೆ ಕಾವಲುಗಾರನ ನೆನಪಿನಲ್ಲಿ ಕೂತಿದ್ದ ಆ ಹೊತ್ತು ಗೋಡೆಯ ಗಡಿಯಾರದಲ್ಲೂ ಬರುವವರೆಗೆ ಕಾಯಬೇಕಿತ್ತು, ಅವನನ್ನು ನಿಲ್ಲಿಸಲು ಮೇಡಂ ಅಪ್ಪಣೆ ಇರಲಿಲ್ಲ. ಮಾವ ಸೊಸೆ ಕೈ ಕಟ್ಟಿಕೊಂಡು ಗೋಡೆ ನೋಡುತ್ತಾ ಕೂತರು. ಜೀವಮಾನವಿಡೀ ಮುಂದಕ್ಕೆ ತಳ್ಳುತ್ತಾ ಬಂದ ಆ ಕಾಲು ಗಂಟೆ ಇಷ್ಟು ಉದ್ದವಿರುತ್ತದೆಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಏನ್ರೀ, ಇಬ್ಬರೂ ಧ್ಯಾನಕ್ಕೆ ಕೂತ್ರಾ ಎಂದು ಗಡ್ಡದವನು ಕೇಳಿದ. ಇಬ್ಬರೂ ಗೋಡೆಯಿಂದ ಕಣ್ಣು ತೆಗೆಯಲಿಲ್ಲ.

ಮುಳ್ಳು ಆ ಗುರುತು ದಾಟಿತು. ಮೇಷ್ಟ್ರು ತಮ್ಮ ಫೈಲು ಸೇವ್ ಮಾಡಿದರು, ಬಂತು. ಸೊಸೆ ತನ್ನದನ್ನು ಸೇವ್ ಮಾಡಿದಳು, ಬಂತು. ಅವರು, ಇವಳು, ಮತ್ತೆ ಅವರು, ಮತ್ತೆ ಇವಳು. ಒಂದೂ ನಿಲ್ಲಲಿಲ್ಲ. ಸೊಸೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಮೇಷ್ಟ್ರಿಗೆ ತಿಳಿಯಲಿಲ್ಲ, ಎರಡೂ ಇದ್ದಿರಬೇಕು.

ಮಧ್ಯಾಹ್ನ ಮೇಡಂ ಕರೆಸುವ ತನಕ ಮೇಷ್ಟ್ರು ಕಾಯಲಿಲ್ಲ. ತಾವೇ ಎದ್ದು ಒಳಕೋಣೆಯ ಬಾಗಿಲಲ್ಲಿ ನಿಂತು, ಗಡ್ಡದವನನ್ನೂ ಕರೆದು, ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ತಮ್ಮ ಗಡಿಯಾರದಿಂದಾಗಿ ಅವಳ ಕೆಲಸ ಕಾಣದೆ ಹೋಯಿತೆಂದರು, ಅದನ್ನು ಪತ್ತೆ ಮಾಡಿದ್ದು ಅವಳೇ ಎಂದರು, ಪತ್ತೆ ಮಾಡಿಯೂ ತಮ್ಮ ಮರ್ಯಾದೆ ಉಳಿಸಲು ಸುಮ್ಮನಿರಲು ನೋಡಿದಳೆಂದೂ ಹೇಳಿಬಿಟ್ಟರು. ಮೇಡಂ ಮೊದಲು ನಂಬದೆ ಗೋಡೆ ನೋಡಿದರು, ಮೇಷ್ಟ್ರ ಕೈ ನೋಡಿದರು, ಆಮೇಲೆ ನಗು ತಡೆಯಲಾಗದೆ ಮೇಜಿನ ಮೇಲೆ ತಲೆಯಿಟ್ಟರು. ಗಡ್ಡದವನು ತನ್ನ ಗಡ್ಡವನ್ನೇ ಸವರಿಕೊಳ್ಳುತ್ತಾ, ಅವತ್ತು ನಾನು ಮಾಡಿದ್ದಕ್ಕೆ ಬಂತೆಂದು ಬೀಗಿದ್ದೆ ಎಂದು ಗೊಣಗಿದ. ಅವನ ಬಾಯಿಂದ ಇದಕ್ಕಿಂತ ದೊಡ್ಡ ಕ್ಷಮಾಪಣೆ ಬರುವ ಹಾಗಿರಲಿಲ್ಲ.

ನಗು ಮುಗಿದ ಮೇಲೆ ಮೇಡಂ ಮೇಷ್ಟ್ರ ಕಡೆ ತಿರುಗಿದರು.

"ಸರಿ ಮೇಷ್ಟ್ರೇ, ನೀವೇ ಹೇಳಿ. ಇವರನ್ನ ಇಟ್ಕೊಳ್ಳೋಣ್ವಾ?"

ಮೇಷ್ಟ್ರ ನಾಲಿಗೆಯ ತುದಿಯಲ್ಲಿ ಹೂಂ ಎನ್ನುವುದು ಸಿದ್ಧವಾಗಿತ್ತು. ಆದರೆ ಅವರಿಗೆ ಥಟ್ಟನೆ ಒಂದು ಹೊಳೆಯಿತು. ಈ ಒಂದು ತಿಂಗಳು ಅವಳ ಕೈಲಿ ಆಗುತ್ತದೋ ಇಲ್ಲವೋ ಎಂದು ಎಲ್ಲರೂ ಮಾತಾಡಿದ್ದರು, ಸೇರಿಸಿದ್ದೂ ತಾವೇ, ಬಿಡು ಎಂದದ್ದೂ ತಾವೇ. ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

"ನನ್ನನ್ನ ಕೇಳಬೇಡಿ ಮೇಡಂ," ಎಂದರು. "ಇರ್ತಾಳಾ ಅಂತ ಅವಳನ್ನೇ ಕೇಳಿ."

ಮೇಡಂ ಅವಳತ್ತ ನೋಡಿದರು. ಸೊಸೆ ಮಾವನ ಮುಖ ನೋಡಲಿಲ್ಲ.

"ಇರ್ತೀನಿ. ಆದ್ರೆ ನಂಗೆ ಆ ಕಿಟಕಿ ಹತ್ರದ ಮೇಜು ಬೇಕು."

ಕಿಟಕಿಯ ಮೇಜು ಕೋಣೆಯ ಆ ತುದಿಯಲ್ಲಿತ್ತು, ಮೇಷ್ಟ್ರ ಮೇಜಿಗೆ ಬೆನ್ನು ಹಾಕಿಕೊಂಡು. ಮೇಷ್ಟ್ರಿಗೆ ಚುರುಕ್ಕೆಂದಿತು. ಪಕ್ಕದಲ್ಲಿ ಕೂರಿಸಿಕೊಂಡು ಬಗ್ಗಿ ಬಗ್ಗಿ ನೋಡಿದ್ದು, ಕೇಳದೆಯೇ ಹೇಳಿಕೊಟ್ಟದ್ದು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಗಡಿಯಾರ ಸರಿಯಾದರೂ ಅದೊಂದು ಸರಿಯಾಗಿರಲಿಲ್ಲ. ಚುರುಕ್ಕೆಂದದ್ದು ಇಳಿಯುವ ಮೊದಲೇ ಅವರಿಗೆ ಒಳಗೊಳಗೇ ಖುಷಿಯೂ ಆಯಿತು. ಕೆಲಸ ಕೇಳಿ ಬಂದು ಪಾತ್ರೆ ಸದ್ದು ಮಾಡುತ್ತಿದ್ದವಳು ಈಗ ಮೇಜು ಕೇಳುತ್ತಿದ್ದಾಳಲ್ಲ. ಅವರು ಯಾರಿಗೂ ಕಾಯದೆ ಅವಳ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ಕಿಟಕಿಯ ಬಳಿ ಇಟ್ಟರು. ಅವಳು ಲ್ಯಾಪ್‌ಟಾಪು, ನೀರಿನ ಬಾಟಲಿ, ಮಗಳ ಫೋಟೊ ತಂದು ಜೋಡಿಸಿಕೊಂಡಳು.

ಆಮೇಲೆ ಎಲ್ಲರೂ ಕೆಲಸಕ್ಕೆ ಕೂತರು. ಪಕ್ಕದ ಮೇಜು ಖಾಲಿಯಾಗಿ ಮೇಷ್ಟ್ರಿಗೆ ಒಂದು ಬದಿ ಬೋಳಾದಂತೆ ಅನಿಸುತ್ತಿತ್ತು. ಹಲ್ಲಿನ ಡಾಕ್ಟರ ಪುಟವನ್ನು ತೆರೆದಿಟ್ಟುಕೊಂಡು, ವಿಳಾಸದ ಸಾಲಿನಲ್ಲಿ ಒಂದು ತಪ್ಪು ಹುಡುಕುತ್ತಿದ್ದರು. ಆಗ ಪುಟ ತಾನಾಗಿಯೇ ಒಮ್ಮೆ ಮಿನುಗಿತು. ಅವರು ಕೀಲಿ ಮುಟ್ಟಿರಲಿಲ್ಲ. ನೋಡುತ್ತಿದ್ದಂತೆಯೇ ಬಟನ್ನಿನ ಬಣ್ಣ ಬದಲಾಯಿತು, ಅದರ ಕೆಳಗೆ ಡಾಕ್ಟರ ಭೇಟಿಗೆ ಹೊತ್ತು ಕಾದಿರಿಸುವ ಒಂದು ಹೊಸ ಭಾಗ ಅಚ್ಚುಕಟ್ಟಾಗಿ ಮೂಡಿ ನಿಂತಿತು. ಅವರೇ ಮಾಡಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಕಿಟಕಿಯ ಕಡೆ ನೋಡಿದರು. ತಿರುಗಿ ನೋಡುತ್ತಾಳೆ, ಬಂತಾ ಮಾವ ಎಂದು ಕೇಳುತ್ತಾಳೆ ಎಂದುಕೊಂಡು ಉತ್ತರವನ್ನೂ ಸಿದ್ಧ ಮಾಡಿಕೊಂಡರು. ಅವಳು ತಿರುಗಲಿಲ್ಲ. ಅವಳಾಗಲೇ ಮುಂದಿನ ಕೆಲಸ ಶುರುಮಾಡಿದ್ದಳು.